ಗೆರೆಯಲ್ಲೊಂದು ತಗ್ಗು

ನೆನೆದ ಅವರೆಕಾಳಿನ ಮುಂದೆ ಕೂತವರಿಗೆ ಹುದ್ದೆ, ವಯಸ್ಸು, ವಿದ್ವತ್ತು ಯಾವುದೂ ಉಳಿಯುವುದಿಲ್ಲ, ಒಂದೊಂದೇ ಕಾಳನ್ನು ಸಿಪ್ಪೆಯಿಂದ ಹಿತಕಲೇಬೇಕು. ಆ ಭಾನುವಾರ ಬೆಳಗ್ಗೆ ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲಿ ಬೇಸಿನ್ನಿನ ಸುತ್ತ ಇದ್ದವರು ಮೂವರು: ಮಾಮೂಲ್‌ಪೇಟೆಯ ತುಪ್ಪದ ಅಂಗಡಿಯನ್ನು ಅರ್ಧ ಆಯುಷ್ಯ ನಡೆಸಿ ಈಗ ನನ್ನನ್ನು ನಡೆಸುತ್ತಿರುವ ದೊಡ್ಡಮ್ಮ, ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದ ಕಾವ್ಯ, ಮತ್ತು ಖಗೋಳಶಾಸ್ತ್ರಜ್ಞನೆಂಬ ಬಿರುದು ಹೊತ್ತು, ಆಕಾಶಕ್ಕಿಂತ ಹೆಚ್ಚಾಗಿ ಕಂಪ್ಯೂಟರಿನ ಪರದೆಯನ್ನೇ ನೋಡಿ ಬಸವಳಿದ ನಾನು.

ಕಾವ್ಯ ಬಂದದ್ದು ಅವರೆಗಲ್ಲ, ಅಳುವುದಕ್ಕೆ.

ನಮ್ಮ ಕಸುಬನ್ನು ಸ್ವಲ್ಪ ಹೇಳಬೇಕು, ಬೇಸರಿಸಬೇಡಿ. ಬಹುದೂರದ ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುಕುಳಿಯೊಂದು ಅನಿಲವನ್ನು ನುಂಗುವಾಗ ಹೊಮ್ಮುವ ಪ್ರಚಂಡ ಪ್ರಭೆಯೇ ಕ್ವೇಸಾರ್. ನುಂಗಲಾರದ ಒಂದಿಷ್ಟು ಅನಿಲ ಬೆಳಕಿನ ವೇಗದ ಹತ್ತರಲ್ಲೊಂದು ಪಾಲಿನ ರಭಸದಲ್ಲಿ ಹೊರಗೆ ಬೀಸುವುದುಂಟು. ಆ ಗಾಳಿಯನ್ನು ಕಣ್ಣಾರೆ ಕಂಡವರಿಲ್ಲ. ಅದರೊಳಗಿನ ಕಬ್ಬಿಣ ಎಕ್ಸ್-ಕಿರಣಗಳಲ್ಲಿ ಒಂದಿಷ್ಟನ್ನು ಹೀರಿಕೊಂಡು, ರೋಹಿತದ, ಎಂದರೆ ಯಾವ ಶಕ್ತಿಯ ಕಿರಣ ಎಷ್ಟು ಬಂತೆಂದು ತೋರಿಸುವ ನಕ್ಷೆಯ, ಗೆರೆಯಲ್ಲಿ ಒಂದು ಸಣ್ಣ ತಗ್ಗನ್ನು ಉಳಿಸುತ್ತದೆ. ತಗ್ಗು ಇರುವ ಜಾಗವೇ ಗಾಳಿಯ ವೇಗವನ್ನು ಹೇಳುತ್ತದೆ. ಅಂಥ ಒಂದು ತಗ್ಗು ನಮಗೆ ಸಿಕ್ಕಿತ್ತು. ಅದೇ ಕಾವ್ಯಳ ಪ್ರಬಂಧದ ಜೀವ. ನಮ್ಮ ಲೇಖನವನ್ನು ಪರಿಶೀಲಿಸಿದ ಪುಣ್ಯಾತ್ಮರು, ಇದು ಕ್ಯಾಮೆರಾದ ಕರಾಮತ್ತಲ್ಲವೆಂದು ಏನು ಖಾತ್ರಿ ಎಂದು ಕೇಳಿದ್ದರು.

"ಈ ತಗ್ಗು ಹೋದ್ರೆ ನನ್ ಥೀಸಿಸ್ಸೇ ಇಲ್ಲ ಸರ್."

"ಅಳು ಮಗಳೇ, ಕೈ ಮಾತ್ರ ನಿಲ್ಲಿಸ್ಬೇಡ," ಎಂದರು ದೊಡ್ಡಮ್ಮ. ನನ್ನ ಕಡೆ ತಿರುಗಿ, "ಏನೋ ಅದು ಕ್ಯಾಮೆರಾ ಗಲಾಟೆ?"

"ಕ್ಯಾಮೆರಾದ್ದೇ ಒಂದು ಮಿಣುಕು ಇರುತ್ತೆ ದೊಡ್ಡಮ್ಮ. ಚಿತ್ರದಲ್ಲಿ ಪಕ್ಕದ ಖಾಲಿ ಜಾಗ ಹಿಡಿದು ಅದನ್ನ ಅಳೆದು, ಕ್ವೇಸಾರ್ ಬೆಳಕಿಂದ ಕಳೀತೀವಿ."

"ಗಿರಾಕಿ ಪಾತ್ರೆ ಖಾಲಿ ತೂಗಿ, ಆಮೇಲೆ ತುಪ್ಪ ಹಾಕಿ ತೂಗ್ದಂಗೆ."

"ಹೂಂ, ಅದೇ."

"ಆದ್ರೆ ನೀನು ತೂಗಿದ್ದು ಪಕ್ಕದ ಪಾತ್ರೆ. ಅದರ ತಳ ದಪ್ಪ ಇದ್ರೆ? ತುಪ್ಪ ಕಮ್ಮಿ ತೋರ್ಸಲ್ವೇನೋ ಪೆದ್ದ!"

ಕಾವ್ಯಳ ಕೈ ನಿಂತಿತು, ನನ್ನದೂ. ಕ್ಯಾಮೆರಾದ ಹಿಂದಿನ ಫಲಕದಲ್ಲಿ ತಾಮ್ರವಿದೆ. ಅದು ನಡುಭಾಗದಲ್ಲಿ ಮಂಕಾಗಿ, ಅಂಚಿನಲ್ಲಿ ಜೋರಾಗಿ ಮಿನುಗುತ್ತದೆ. ರೋಹಿತದಲ್ಲಿ ಆ ಮಿಣುಕು ಬೀಳುವುದು ನಮ್ಮ ತಗ್ಗು ಇದ್ದ ಜಾಗದಲ್ಲೇ. ಕ್ವೇಸಾರ್ ಕೂತಿದ್ದದ್ದು ನಡುವಿನಲ್ಲಿ, ನಾವು ಮಿಣುಕನ್ನು ಅಳೆದದ್ದು ಅಂಚಿನಲ್ಲಿ. ಇಲ್ಲದ ತಾಮ್ರವನ್ನೂ ಕಳೆದರೆ ಗೆರೆ ತಗ್ಗದೆ ಏನು ಮಾಡೀತು? ಕಾವ್ಯ ಮೊದಲು ನಡುವಿನಲ್ಲೇ ಜಾಗ ಆರಿಸಿದ್ದಳು. "ಅಷ್ಟು ಜಾಗ ಸಾಲಲ್ಲ, ಅಂಚಿಗೆ ಹೋಗು" ಎಂದವನು ನಾನು. ಅನುಭವವೆಂಬುದು ಮನುಷ್ಯನನ್ನು ಎಷ್ಟು ಸಲೀಸಾಗಿ ಪರೀಕ್ಷೆಯಿಂದ ವಿನಾಯಿತಿ ಪಡೆದವನನ್ನಾಗಿ ಮಾಡಿಬಿಡುತ್ತದೆ, ನೋಡಿ.

"ನಾನೇ ಹೇಳಿದ್ದು ಕಾವ್ಯ," ಎಂದೆ.

"ಗೊತ್ತು ಸರ್," ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಸೋಮವಾರ ನಡುವಿನ ಜಾಗವನ್ನೇ ಹಿಡಿದು ಮತ್ತೆ ಲೆಕ್ಕ ಹಾಕಿದೆವು. ತಗ್ಗು ಮುಚ್ಚಿಹೋಯಿತು. ಎರಡು ವರ್ಷ ಬೆನ್ನಟ್ಟಿದ ಗಾಳಿ ಬೀಸಿಯೇ ಇರಲಿಲ್ಲ. ಲೇಖನವನ್ನು ಹಿಂತೆಗೆದುಕೊಂಡೆವು. ಈ ವಯಸ್ಸಿನಲ್ಲಿ ದಣಿವು ಕಾಲಿಗಿಂತ ಮೊದಲು ನಂಬಿಕೆಗೆ ಬರುತ್ತದೆ.

ಆರು ತಿಂಗಳ ನಂತರ ಕಾವ್ಯ ಪ್ರಬಂಧ ಸಲ್ಲಿಸಿದಳು. ಇಂಥ ಸುಳ್ಳು ತಗ್ಗನ್ನು ಗುರುತಿಸುವುದು ಹೇಗೆಂಬುದೇ ಅದರ ಮುಖ್ಯ ಅಧ್ಯಾಯ. ಅಂಚಿನ ಜಾಗವನ್ನು ಆರಿಸಿದ್ದು ಮಾರ್ಗದರ್ಶಕನೆಂದು ಕರಡಿನಲ್ಲಿ ನಾನೇ ಒಂದು ಸಾಲು ಸೇರಿಸಿದ್ದೆ. ಅಚ್ಚಾದ ಪ್ರತಿಯಲ್ಲಿ ನೋಡಿದರೆ, ಅವಳು ಅದನ್ನು ತೆಗೆದು, "ನಾವು ಆರಿಸಿದೆವು" ಎಂದು ಬರೆದಿದ್ದಳು.