ಮುಂದಿನ ಬ್ರೇಕಿನ ಬೋಲ್ಟು

ನನಗೆ ಸಿಟ್ಟು ಬಂದರೆ ಸುಲಭಕ್ಕೆ ಇಳಿಯುವುದಿಲ್ಲ. ಇದನ್ನು ನಮ್ಮವ್ವ ನನ್ನ ಮದುವೆಗೆ ಮೊದಲೇ ನನ್ನ ಗಂಡನ ಕಿವಿಗೆ ಹಾಕಿದ್ದಳು. "ಹುಡುಗಿ ಛಲೋ ಅದಾಳಪಾ. ಆದ್ರ ಯಾರರ ಏನರ ಅಂದ್ರ ಹತ್ತು ವರ್ಷ ನೆನಪಿಟ್ಟಿರ್ತಾಳ." ಗಂಡ ಆಗ ನಕ್ಕಿದ್ದ. ಈಗ ನಗುವುದಿಲ್ಲ.

ನಮ್ಮ ಮನೆ ವಡೋದರಾದ ಫತೇಗಂಜಿನಲ್ಲಿ. ಗಂಡ ರೈಲ್ವೆಯವನು, ಸೂರತ್ತಿನ ಉಧ್ನಾದಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೊರಡುತ್ತಾನೆ. ನಾನು ವಿಮಾ ಕಚೇರಿಯಲ್ಲಿ ವಾಹನಗಳ ಕ್ಲೇಮು ನೋಡುವವಳು. ಹಾಗಾಗಿ ವಾರವಿಡೀ ಸಂಸಾರ ನಡೆಸುವುದು ನಾನು ಮತ್ತು ನನ್ನ ಸ್ಕೂಟರು. ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ಗಿರಣಿಯಲ್ಲಿ ಹಿಟ್ಟು ಹಾಕಿಸುವುದು, ಮೆಂತ್ಯದ ಸೊಪ್ಪು ಸೀಟಿನ ಕೆಳಗೆ ತುರುಕುವುದು, ಎಲ್ಲಾ ಅದರ ಮೇಲೆಯೇ. ಆ ಸ್ಕೂಟರನ್ನು ನಾನು ಗಂಟೆಗೆ ನಲವತ್ತರ ಮೇಲೆ ಓಡಿಸಿದವಳಲ್ಲ. ಹಿಂದೆ ಕುಳಿತ ಮಗಳು "ಮಮ್ಮೀ, ಸೈಕಲ್‌ವಾಲಾ ಭೀ ಆಗೇ ಗಯಾ" ಎಂದು, ಸೈಕಲ್ಲಿನವನೂ ಮುಂದೆ ಹೋದನೆಂದು ಗೊಣಗುತ್ತಾಳೆ. ಗೊಣಗಲಿ. ರಸ್ತೆಯಲ್ಲಿ ದನ, ನಾಯಿ, ತಪ್ಪು ದಿಕ್ಕಿನಿಂದ ನುಗ್ಗುವ ರಿಕ್ಷಾ. ಅಲ್ಲಿ ಜೋರು ತೋರಿಸುವವರ ಫೈಲುಗಳು ಕೊನೆಗೆ ನನ್ನ ಮೇಜಿಗೇ ಬರುತ್ತವೆ.

ನನ್ನ ಜೋರೆಲ್ಲಾ ತಿಂಗಳಿಗೊಂದು ಭಾನುವಾರಕ್ಕೆ ಮೀಸಲು. ಊರಾಚೆ ಗೋ-ಕಾರ್ಟ್ ಎಂಬ ಪುಟ್ಟ ರೇಸಿನ ಗಾಡಿಗಳನ್ನು ಓಡಿಸುವ ಒಂದು ಟ್ರ್ಯಾಕಿದೆ. ತಿಂಗಳಿಗೊಂದು ಬೆಳಿಗ್ಗೆ ಅದನ್ನು ಬೈಕಿನವರಿಗೆ ಬಿಟ್ಟುಕೊಡುತ್ತಾರೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ದನವಿಲ್ಲ, ಗುಂಡಿಯಿಲ್ಲ. ಮೈತುಂಬ ಚರ್ಮದ ಸೂಟು ಬಿಗಿದುಕೊಂಡು, ತಿರುವಿನಲ್ಲಿ ಬೈಕನ್ನು ಮಲಗಿಸಿ, ಮೊಣಕಾಲು ನೆಲಕ್ಕೆ ಸವರಿದಾಗ ಆಗುವ ಖುಷಿಯನ್ನು ಹೇಗೆ ಹೇಳಲಿ! ಮೂವತ್ತೆಂಟನೆಯ ವಯಸ್ಸಿನಲ್ಲಿ ಗಂಡನ ಹಳೇ ಬೈಕಿನಲ್ಲಿ ಶುರುಮಾಡಿದೆ. ವರ್ಷದೊಳಗೆ ನನಗೆ ನಿಜವಾದ ಟ್ರ್ಯಾಕ್ ಬೈಕೇ ಬೇಕೆನಿಸಿತು. ಅಂದರೆ ದೀಪ, ಕನ್ನಡಿ, ನಂಬರ್ ಪ್ಲೇಟು ಎಲ್ಲಾ ಕಿತ್ತುಹಾಕಿದ, ರಸ್ತೆಗೆ ಬಾರದ, ಟೆಂಪೋದಲ್ಲೇ ಹೋಗಿ ಟೆಂಪೋದಲ್ಲೇ ಮರಳುವ ಬೈಕು.

ಅಹಮದಾಬಾದಿನ ವಸ್ತ್ರಾಪುರದಲ್ಲಿ ಅಂಥದೊಂದು ಮಾರಾಟಕ್ಕಿದೆ ಎಂದು ಟ್ರ್ಯಾಕಿನವರ ಫೋನ್ ಗುಂಪಿನಲ್ಲಿ ಓದಿದೆ. ಮಾರುವವನಿಗೆ ಫೋನು ಮಾಡಿ ಹಿಂದಿಯಲ್ಲಿ ಮಾತಾಡುತ್ತಿದ್ದೆ. ನಡುವೆ ಅವನು ಹೆಂಡತಿಗೋ ಯಾರಿಗೋ "ಏ, ಹಾಲ ಉಕ್ಕಾಕತ್ತಾವ ನೋಡ" ಎಂದು ಕೂಗಿದ್ದು ಕೇಳಿಸಿತು. ನನ್ನ ಮೈಯೆಲ್ಲಾ ಕಿವಿಯಾಯಿತು. "ಅಯ್ಯ, ನೀವು ನಮ್ಮ ಕಡೇರೇನ್ರೀ?" ಎಂದೆ. ಅವನದು ಹುಬ್ಬಳ್ಳಿ, ನನ್ನದು ಧಾರವಾಡ. ಮುಗಿಯಿತಲ್ಲ ಕಥೆ!

ಮರುದಿನವೇ ಹೋದೆ. ಕೇಂದ್ರ ಸರ್ಕಾರದ ನೌಕರಿ, ನನಗಿಂತ ಐದಾರು ವರ್ಷ ಚಿಕ್ಕವನು. ಮನೆಯ ಮೂಲೆಯಲ್ಲಿ ಕನ್ನಡ ಮಾಸಪತ್ರಿಕೆಗಳು ಸೊಂಟದೆತ್ತರ ಪೇರಿಸಿದ್ದವು. "ಮೊದಲ ಪುಟದಿಂದ ಕಡೀ ಪುಟದ ತನಕಾ ಓದ್ತೀನ್ರಿ ಅಕ್ಕಾ. ಇಲ್ಲಿ ಇದೊಂದೇ ನಮ್ಮ ಭಾಷೆ ಕಣ್ಣಿಗೆ ಬೀಳೋದು" ಎಂದ. ನನಗೆ ಕಣ್ಣಲ್ಲಿ ನೀರೇ ಬಂತು. ಆಮೇಲೆ ಬೈಕು ತೋರಿಸಿದ. "ಒಂದ್ ಸಲಾನೂ ಬಿದ್ದಿಲ್ಲರೀ. ಮಗೂನಂಗ ನೋಡ್ಕೊಂಡೇನಿ. ಎಲ್ಲಾ ಬರೋಬ್ಬರಿ ಐತಿ."

ದಿನವಿಡೀ ಗುಜರಾತಿಯಲ್ಲೂ ಹಿಂದಿಯಲ್ಲೂ ಹೇಳುವ ಸುಳ್ಳುಗಳನ್ನು ಕೇಳಿ, ನಿಂತಲ್ಲೇ ಹಿಡಿದು ಸಂಬಳ ಎಣಿಸುವ ಹೆಂಗಸು ನಾನು. ಬಾಗಿದ ಬಂಪರನ್ನು ನೋಡಿ ಡ್ರೈವರು ಕುಡಿದಿದ್ದನೋ ಇಲ್ಲವೋ ಹೇಳಬಲ್ಲೆ ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಾರೆ. ಅಂಥವಳು ಆ ಬೈಕಿನ ಮುಂದೆ ಬಗ್ಗಿ ಕೂಡ ನೋಡಲಿಲ್ಲ. "ಉಧ್ನಾದ ಮೆಕ್ಯಾನಿಕ್‌ನ ಕರ್ಕೊಂಡು ಬರ್ತೀನಿ, ಅಂವಾ ಒಮ್ಮೆ ನೋಡ್ಲಿ" ಎಂದು ಗಂಡ ಫೋನಿನಲ್ಲಿ ಹೇಳಿದ. "ನಮ್ಮೂರಾಂವನ ಮ್ಯಾಲೆ ಸಂಶಯ ಪಡೋದೇನ್ರೀ? ನಾಚಿಕಿ ಆಗ್ತದ" ಎಂದು ಅವನ ಬಾಯಿ ಮುಚ್ಚಿಸಿದೆ. ಕನ್ನಡದಲ್ಲಿ ಸುಳ್ಳು ಹೇಳುವುದಿಲ್ಲ ಎಂದು ನಾನು ನಂಬಿದ್ದೆ. ಇಷ್ಟು ವರ್ಷ ಊರು ಬಿಟ್ಟಿದ್ದರ ದಡ್ಡತನ ಅದು.

ಆ ಬೈಕಿನಲ್ಲಿ ನನ್ನ ಮೊದಲ ಭಾನುವಾರ ಅರ್ಧ ಗಂಟೆಯೂ ನಡೆಯಲಿಲ್ಲ. ಉದ್ದನೆಯ ನೇರ ದಾರಿಯ ಕೊನೆಗೆ ಬ್ರೇಕು ಹಿಡಿದೆ. ಹ್ಯಾಂಡಲು ನನ್ನ ಕೈಯಲ್ಲಿ ಎಡಕ್ಕೂ ಬಲಕ್ಕೂ ಒದ್ದಾಡಿತು. ಎಷ್ಟು ಬಿಗಿಹಿಡಿದರೂ ನಿಲ್ಲಲಿಲ್ಲ. ಕಣ್ಣು ಬಿಟ್ಟಾಗ ನಾನು ಹುಲ್ಲಿನ ಮೇಲಿದ್ದೆ, ಎಡಗಡೆಯ ಕೊರಳೆಲುಬು ಮುರಿದಿತ್ತು.

ಮೂರು ತಿಂಗಳು ಸ್ಕೂಟರು ಮೆಟ್ಟಿಲ ಕೆಳಗೆ ಧೂಳು ತಿಂದಿತು. ಸ್ಕೂಟರು ನಿಂತರೆ ನಮ್ಮ ಮನೆಯೇ ನಿಂತಂತೆ. ಮಗಳು ಹನ್ನೊಂದು ಮಕ್ಕಳನ್ನು ತುಂಬಿದ ಶಾಲೆಯ ರಿಕ್ಷಾದಲ್ಲಿ ಅಳುತ್ತಾ ಹೋದಳು. ಹಿಟ್ಟು ಮುಗಿದರೆ ಪಕ್ಕದ ಮನೆಯವರ ಮುಖ ನೋಡಬೇಕಾಯಿತು. ಒಂದು ಕೈಯಲ್ಲಿ ಮಗಳ ಜಡೆ ಹಾಕಲಾಗದೆ ಒಂದು ಬೆಳಿಗ್ಗೆ ಬಾಚಣಿಗೆಯನ್ನು ಗೋಡೆಗೆ ಎಸೆದಿದ್ದೆ.

ಗಂಡ ಬೈಕನ್ನು ಉಧ್ನಾಕ್ಕೆ ಒಯ್ದ. ಅಲ್ಲಿಯ ಮೆಕ್ಯಾನಿಕ್ಕು, ಮಗ್ಗದ ಯಂತ್ರಗಳನ್ನೂ ರಿಪೇರಿ ಮಾಡುವ ಮುದುಕ, ಹಿಂದಿನ ಚಕ್ರಕ್ಕೆ ಸೀರೆ ಮಿಲ್ಲಿನ ದಾರ ಸುತ್ತಿ ಎರಡೂ ಬದಿಯಿಂದ ಮುಂದಕ್ಕೆ ಎಳೆದು ಹಿಡಿದನಂತೆ. ಬೈಕು ನೆಟ್ಟಗಿದ್ದರೆ ಮುಂದಿನ ಚಕ್ರ ಎರಡು ದಾರಗಳ ನಟ್ಟನಡುವೆ ಇರಬೇಕು. ಇದು ಒಂದು ಬದಿಗೆ ಬೆರಳಗಲ ಸರಿದಿತ್ತು. ಬಣ್ಣ ಕೆರೆದಾಗ ಹ್ಯಾಂಡಲಿನ ಬುಡದಲ್ಲಿ ಹಳೆಯ ವೆಲ್ಡಿಂಗು, ಅದರ ಬಿರುಕಿನೊಳಗೆ ತುಕ್ಕು. ತುಕ್ಕು ಒಂದೇ ದಿನಕ್ಕೆ ಹಿಡಿಯುತ್ತದೆಯೇ? ಬೈಕು ಮೊದಲೇ ಜೋರಾಗಿ ಬಿದ್ದಿತ್ತು.

ವಸ್ತ್ರಾಪುರದವನಿಗೆ ಫೋನು ಮಾಡಿದೆ. "ನಿಮಗ ಓಡ್ಸಾಕ ಬರಂಗಿಲ್ಲ, ಗಾಡಿ ಮ್ಯಾಲೆ ಯಾಕ ಹಾಕ್ತೀರಿ ಅಕ್ಕಾ?" ಎಂದ. ಅಕ್ಕಾ ಅಂತೆ, ಅಕ್ಕಾ! ಬಿರುಕಿನ ಫೋಟೋವನ್ನು ಗುಂಪಿನಲ್ಲಿ ಹಾಕಿದೆ. ಅವಳ ಮೆಕ್ಯಾನಿಕ್ಕು ಅವಳಿಗೆ ಬೇಕಾದ್ದನ್ನೇ ಹೇಳುತ್ತಾನೆ ಎಂದರು ಗುಂಪಿನವರು. ಅವನು ಕೊನೆಗೆ ಹಿಂದಿಯಲ್ಲಿ ಒಂದೇ ಸಾಲು ಬರೆದ: ಸ್ಕೂಟಿಯವರ ಕೈಗೆ ಟ್ರ್ಯಾಕ್ ಬೈಕು ಕೊಟ್ಟಿದ್ದು ನನ್ನದೇ ತಪ್ಪು. ಅದರ ಕೆಳಗೆ ಹದಿನೇಳು ಜನ ನಗುವ ಮುಖ ಒತ್ತಿದರು. ಆ ಹದಿನೇಳು ಹೆಸರುಗಳು ನನಗೆ ಈಗಲೂ ಬಾಯಿಪಾಠ.

ಆವತ್ತಿನಿಂದ ನನಗೆ ಬೇಕಾಗಿದ್ದು ಒಂದೇ. ಬೈಕು ಬಿದ್ದಿತ್ತು ಎಂದು ಅವನ ಬಾಯಿಂದಲೇ, ಅದೇ ಹದಿನೇಳು ಜನರ ಮುಂದೆ ಹೇಳಿಸಬೇಕು. ಇಲ್ಲವಾದರೆ ಅವನೂ ನನ್ನ ಹಾಗೆ ಒಮ್ಮೆ ಆ ಹುಲ್ಲಿನ ಮೇಲೆ ಬೀಳಬೇಕು. ಎರಡನೆಯದನ್ನು ನಾನು ಯಾರಿಗೂ ಹೇಳಲಿಲ್ಲ. ಆದರೆ ದೇವರ ಮುಂದೆ ದೀಪ ಹಚ್ಚುವಾಗ ಕೂಡ ಬೇಡಿಕೊಂಡಿದ್ದೇನೆ. ಸುಳ್ಳೇಕೆ ಹೇಳಲಿ?

ಆ ಬೈಕನ್ನು ಇನ್ನೊಬ್ಬರ ತಲೆಗೆ ಕಟ್ಟುವ ಮನಸ್ಸಾಗಲಿಲ್ಲ. ಫ್ರೇಮನ್ನು ಮುದುಕನ ಕೈಯಲ್ಲೇ ಕತ್ತರಿಸಿ ಹಾಕಿಸಿದೆ. ವರ್ಷದ ನಂತರ ಚಿಕ್ಕದೊಂದು ಬೈಕು ಕೊಂಡೆ. ಈ ಸಲ ನಾನೇ ದಾರ ಎಳೆದು ನೋಡಿದೆ. ಟ್ರ್ಯಾಕಿನಲ್ಲಿ ಬೈಕುಗಳ ತಪಾಸಣೆಗೆ ಜನ ಬೇಕೆಂದಾಗ ನಾನೇ ಮುಂದಾದೆ. ಬೆಳಿಗ್ಗೆ ಬಂದ ಪ್ರತಿ ಬೈಕಿನ ಬ್ರೇಕು, ಚೈನು, ಟೈರು, ಬೋಲ್ಟು ಮುಟ್ಟಿ ನೋಡಿ, ಸರಿಯಿದ್ದರೆ ಹಸಿರು ಚೀಟಿ ಅಂಟಿಸುವ ಕೆಲಸ. ಚೀಟಿಯಿಲ್ಲದ ಬೈಕು ಟ್ರ್ಯಾಕಿಗೆ ಇಳಿಯುವಂತಿಲ್ಲ. ನನ್ನ ಕಣ್ಣು ತಪ್ಪಿಸಿ ಒಂದು ಸಡಿಲ ನಟ್ಟೂ ಹೋಗುತ್ತಿರಲಿಲ್ಲ. ನನಗೆ 'ಕಸ್ಟಮ್ಸ್' ಎಂದು ಹೆಸರಿಟ್ಟರು.

ಬೈಕು ಮಾರಿದ ಮೇಲೆ ಅವನು ಟ್ರ್ಯಾಕಿನ ಕಡೆ ಸುಳಿದಿರಲಿಲ್ಲ. ಎರಡು ಚಳಿಗಾಲ ಕಾದೆ. ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಹಿಂದಿನ ಭಾನುವಾರ ಅದು. ಗಾಳಿಪಟದ ದಾರ ಕೊರಳಿಗೆ ಸಿಕ್ಕೀತೆಂದು ಊರಿನ ಎಲ್ಲಾ ಸ್ಕೂಟರುಗಳ ಹ್ಯಾಂಡಲಿಗೂ ಬಾಗಿಸಿದ ತಂತಿ ಕಟ್ಟಿರುತ್ತಾರಲ್ಲ, ನನ್ನದಕ್ಕೂ ಕಟ್ಟಿತ್ತು. ಅದನ್ನು ನಿಲ್ಲಿಸಿ, ಫಾಫ್ಡಾ ತಿಂದು, ಕೈ ಒರೆಸಿಕೊಂಡು ನನ್ನ ಜಾಗಕ್ಕೆ ಬಂದರೆ ಸಾಲಿನಲ್ಲಿ ನಾಲ್ಕನೆಯವನು ಅವನು! ಹೊಸ ಬೈಕು, ಹೊಸ ಸೂಟು.

"ಅಕ್ಕಾ, ಆರಾಮ ಅದೀರೇನ್ರೀ?" ಎಂದ, ನಿನ್ನೆಯಷ್ಟೇ ಜೊತೆಗೆ ಕೂತು ಚಹಾ ಕುಡಿದವನ ಹಾಗೆ.

ನಾನು ಬಗ್ಗಿದೆ. ಚೈನು ಸರಿಯಿತ್ತು. ಟೈರು ಸರಿಯಿತ್ತು. ಮುಂದಿನ ಬ್ರೇಕನ್ನು ಬೈಕಿಗೆ ಹಿಡಿದಿಡುವ ಎರಡು ಬೋಲ್ಟುಗಳಲ್ಲಿ ಮೇಲಿನದು ಬಿಗಿಯಾಗಿತ್ತು. ಕೆಳಗಿನದಕ್ಕೆ ಬೆರಳು ತಾಗಿಸಿದೆ. ಅದು ತಿರುಗಿತು. ಪಾನಾ ಬೇಕಾಗಲೇ ಇಲ್ಲ, ಬರಿಗೈಗೆ ತಿರುಗಿತು. ಇನ್ನು ಹತ್ತು ಸುತ್ತಿನೊಳಗೆ ಅದು ಕಳಚಿ ಬೀಳುತ್ತದೆ, ನೇರ ದಾರಿಯ ಕೊನೆಗೆ ಬ್ರೇಕು ಹಿಡಿದಾಗ ಬ್ರೇಕೇ ಇರುವುದಿಲ್ಲ. ಇದು ನನಗೆ ಆ ಕ್ಷಣವೇ ಗೊತ್ತಾಯಿತು.

"ಬರೋಬ್ಬರಿ ಐತೇನ್ರೀ ಅಕ್ಕಾ?"

ಎದ್ದು ನಿಂತೆ. ಅವನ ಮುಖವನ್ನೇ ನೋಡಿ, "ಎಲ್ಲಾ ಬರೋಬ್ಬರಿ ಐತಿ, ಹೋಗ್ರಿ" ಎಂದೆ. ಹಸಿರು ಚೀಟಿ ಅಂಟಿಸಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದೆ. ಹೊಟ್ಟೆ ತಣ್ಣಗಾಯಿತು, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮುಂದಿನ ಬೈಕು ಬಂತು. ನೋಡಿದೆ. ಅದನ್ನು ತಂದ ಹುಡುಗಿ ಗುಜರಾತಿಯಲ್ಲಿ, "ಬೆನ್, ಬಧು ಬರಾಬರ್?" ಎಂದು ಕೇಳಿದಳು, ಅಕ್ಕಾ ಎಲ್ಲಾ ಬರೋಬ್ಬರಿಯೇ ಎಂದು. ಎಲ್ಲಾ ಸರಿಯಾಗಿಯೇ ಇತ್ತು. ಆದರೆ ಹೌದು ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ವಸ್ತ್ರಾಪುರದ ಆ ಮನೆ, ಆ ಮಾಸಪತ್ರಿಕೆಗಳ ರಾಶಿ, ಅವನ ಬಾಯಿಂದ ಬಂದ ಅದೇ ಮಾತು. ಅಕ್ಷರ ಕೂಡ ಬದಲಿಸದೆ ಅದನ್ನೇ ನಾನು ಅವನಿಗೆ ಹೇಳಿದ್ದೆ. ಥೂ ನನ್ನ!

ಅಷ್ಟರಲ್ಲಿ ಎಂಜಿನ್ನುಗಳು ಶುರುವಾದವು. ಕೈಯಲ್ಲಿದ್ದ ಚೀಟಿಗಳ ಕಟ್ಟನ್ನು ಬಿಸಾಕಿ ಓಡಿದೆ. ಟ್ರ್ಯಾಕಿನ ಗೇಟಿನ ಸಾಲಿನಲ್ಲಿ ಅವನು ಎರಡನೆಯವನಾಗಿದ್ದ. ಗೇಟಿನವನು ಬಾವುಟ ಎತ್ತಿದ್ದ. ಅವನ ಬೈಕಿನ ಮುಂದೆ ಅಡ್ಡ ನಿಂತು ಕೆಂಪು ಬಟನ್ನು ಒತ್ತಿ ಎಂಜಿನ್ನು ಆರಿಸಿದೆ, ಚೀಟಿಯನ್ನು ಪರ್ ಎಂದು ಹರಿದೆ.

"ಇಳೀರಿ ಕೆಳಗ."

"ಏನಾತ್ರೀ ಅಕ್ಕಾ?"

ಅವನ ಕೈಗವಸು ಬಿಚ್ಚಿಸಿ, ಬೆರಳು ಹಿಡಿದು ಆ ಬೋಲ್ಟಿನ ಮೇಲಿಟ್ಟೆ. ತಿರುಗಿಸಿದ. ಅದು ತಿರುಗುತ್ತಲೇ ಹೋಯಿತು. ಅವನ ಮುಖದ ಬಣ್ಣ ಇಳಿಯಿತು. ಬೋಲ್ಟಿನಿಂದ ಬೆರಳು ತೆಗೆಯದೆ ಕೇಳಿದ, "ಮೊದಲ ನೋಡಿದಾಗ ಕಾಣ್ಲಿಲ್ಲೇನ್ರೀ?"

"ಕಣ್ಣು ತಪ್ಪಿತ್ರಿ" ಎಂದೆ. ಅದು ನನ್ನ ಎರಡನೆಯ ಸುಳ್ಳು.

ಮಧ್ಯಾಹ್ನ ಎಲ್ಲರೂ ನೆರಳಿನಲ್ಲಿ ಊಟಕ್ಕೆ ಕೂತಿದ್ದಾಗ ಅವನು ಎದ್ದು ನಿಂತ. ಹದಿನೇಳು ಜನರಲ್ಲಿ ಹದಿನಾಲ್ಕು ಜನ ಅಲ್ಲಿದ್ದರು, ನಾನು ಎಣಿಸಿದೆ. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದ. ಅಕ್ಕನಿಗೆ ನಾನು ಮಾರಿದ ಬೈಕು ಬಿದ್ದಿತ್ತು, ನಾನೇ ಬೀಳಿಸಿದ್ದೆ, ವೆಲ್ಡಿಂಗು ಮಾಡಿಸಿ ಬಣ್ಣ ಬಳಿಸಿದ್ದೆ, ಗೊತ್ತಿದ್ದೂ ಅವರ ಮೇಲೆ ಗೂಬೆ ಕೂರಿಸಿದೆ, ಇವತ್ತು ಅವರೇ ನನ್ನ ಜೀವ ಉಳಿಸಿದರು ಎಂದ. ನಕ್ಕಿದ್ದವರೆಲ್ಲಾ ಒಬ್ಬೊಬ್ಬರಾಗಿ ಬಂದು ನನ್ನ ಕೈ ಕುಲುಕಿದರು.

ಎರಡು ವರ್ಷ ಹಲ್ಲು ಕಚ್ಚಿ ಕಾದಿದ್ದೇ ಇದಕ್ಕೆ. ಬಯಸಿದ್ದು ಬಯಸಿದ ಹಾಗೆಯೇ, ಬಯಸಿದ ಜನರ ಮುಂದೆಯೇ ಸಿಕ್ಕಿತು. ತಟ್ಟೆಯಲ್ಲಿದ್ದ ಪೂರಿಯನ್ನು ಮಾತ್ರ ಹಾಗೆಯೇ ಬಿಟ್ಟು ಎದ್ದೆ.

"ಆತಲ್ಲ, ಸೇಡು ತೀರಿತು. ಇನ್ನರ ಆರಾಮ ಇರು" ಎಂದ ಗಂಡ. ಅವನಿಗೂ ನಾನು ಹೇಳಿಲ್ಲ. ಮೊಣಕಾಲು ನೋವೆಂದು ನೆಪ ಹೇಳಿ ಚೀಟಿಯ ಕೆಲಸ ಬಿಟ್ಟೆ. ಬೈಕು ಓಡಿಸುವುದನ್ನು ಬಿಟ್ಟಿಲ್ಲ. ಭಾನುವಾರ ಅದು, ಸೋಮವಾರ ಮೆಂತ್ಯದ ಸೊಪ್ಪು, ನಲವತ್ತರ ವೇಗ. ಅವನು ಯುಗಾದಿಗೆ ಶುಭಾಶಯ ಕಳಿಸುತ್ತಾನೆ. ತಾನು ಓದಿ ಮುಗಿಸಿದ ಮಾಸಪತ್ರಿಕೆಗಳನ್ನು ಬಸ್ಸಿನಲ್ಲಿ ಪಾರ್ಸಲ್ ಹಾಕುತ್ತಾನೆ, ಮೇಲೆ 'ನನ್ನ ಜೀವ ಉಳಿಸಿದ ಅಕ್ಕನಿಗೆ' ಎಂದು ಕನ್ನಡದಲ್ಲೇ ಬರೆದು. ಪ್ರತಿ ಪಾರ್ಸಲಿಗೂ ನನ್ನ ಮೈ ಉರಿಯುತ್ತದೆ. ಮಾಡಿದ್ದನ್ನೆಲ್ಲಾ ಹತ್ತು ಜನರ ಮುಂದೆ ಒಪ್ಪಿಕೊಂಡು ಅವನು ಹಗುರಾಗಿ ಓಡಾಡುತ್ತಿದ್ದಾನೆ. ಅದರಲ್ಲೂ ನನ್ನನ್ನು ಹಿಂದೆ ಹಾಕಿದನಲ್ಲ ಮಹಾರಾಯ!

ಅದಕ್ಕೇ ಇದನ್ನು ಬರೆದು ಅವನಿಗೆ ಬರುವ ಅದೇ ಮಾಸಪತ್ರಿಕೆಗೆ ಕಳಿಸುತ್ತಿದ್ದೇನೆ. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಗಂಡ ಶೀರ್ಷಿಕೆಯ ಆಚೆ ಹೋಗುವವನಲ್ಲ. ನೀನು ಮಾತ್ರ ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದುತ್ತೀ. ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ ತಮ್ಮಾ, ಮುರಿದ ಎಲುಬು ಚಳಿಗೆ ಈಗಲೂ ನೋಯುತ್ತದೆ. ಆದರೂ ಕೇಳು. ಆ ಬೋಲ್ಟು ಮೊದಲ ಸಲವೇ ನನ್ನ ಬೆರಳಿಗೆ ತಿರುಗಿತ್ತು.