ಬೋರ್ಡ್ ಬರೆದವನೇ ತಿನ್ನಿಸಿದ ಬಾಳೆಹಣ್ಣು

ಅಣ್ಣನಿಗೆ ಲಕ್ವಾ ಹೊಡೆದು ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಗಂಟಲಿಗೆ ಉಸಿರಾಟದ ನಳಿಕೆ, ಹೊಟ್ಟೆಗೆ ಊಟದ ನಳಿಕೆ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಕಣ್ಣು ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಕಮಲಾಪುರದ ಮನೆಗೆ ಒಯ್ಯಬಹುದು, ಆದರೆ ಗಂಟಲಿನ ಕಫ ತೆಗೆಯಬಲ್ಲ ನರ್ಸ್ ಮನೆಯಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದರು. ಅಣ್ಣನ ಹೆಂಡತಿ, ನಮ್ಮ ವೈನಿಯ ಕೈ ನಡುಗುತ್ತದೆ, ಅವರಿಂದಾಗದು. ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ನೋಡಿದ ನಾನು, ನರ್ಸ್ ಹುಡುಕುವುದೇನು ಮಹಾ ಎಂದುಕೊಂಡೆ.

ಕಲಬುರಗಿಯ ಶಹಾಬಜಾರದ ನನ್ನ ಮನೆಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಸಂದರ್ಶನಕ್ಕೆ ಕುಳಿತೆ. ಬಂದವಳು ಐಸಿಯುನಲ್ಲಿ ಎಂಟು ವರ್ಷ ದುಡಿದ ನರ್ಸ್. ನಾನು ಊರು ಕೇಳಿದೆ, ಜನ್ಮದಿನಾಂಕ ಕೇಳಿದೆ. ಅವಳು ಕೇಳಿದ್ದು ಒಂದೇ.

“ಕರೆಂಟ್ ಹೋದ್ರ ಕಫ ತೆಗಿಯೋ ಮಷೀನ್ ಹ್ಯಾಂಗ ನಡಸ್ತೀರಿ, ಸರ್?”

ನಾನು ಗಂಭೀರವಾಗಿ ಹಾಳೆಯ ಮೇಲೆ ಏನೋ ಗೀಚಿದೆ. ಸಂಜೆ ಸೂಪರ್ ಮಾರ್ಕೆಟ್‌ಗೆ ಓಡಿ ಇನ್ವರ್ಟರ್ ತಂದೆ. ನೌಕರಿ ಯಾರು ಯಾರಿಗೆ ಕೊಟ್ಟರೋ ನನಗೆ ಈಗಲೂ ಅನುಮಾನವಿದೆ.

ಆದರೂ ಸುಮ್ಮನಿರುವ ಜಾತಿ ನನ್ನದಲ್ಲ. ಕಮಲಾಪುರದಲ್ಲಿ ಅಣ್ಣನ ಮಂಚದ ಮೇಲಿನ ಗೋಡೆಗೆ ಕೆಂಪಕ್ಷರದಲ್ಲಿ ಬೋರ್ಡ್ ಬರೆದು ಹಾಕಿದೆ: ‘ಬಾಯಿಗೆ ಏನೂ ಹಾಕಬಾರದು’. ನೋಡಲು ಬಂದ ಬಂಧುಗಳಿಗೆಲ್ಲ ಭಾಷಣ ಬಿಗಿದೆ. ಒಬ್ಬ ಅತ್ತೆಯ ಕೈಯಿಂದ ಪೇಢೆ ಕಸಿದುಕೊಂಡೆ.

ಆಗ ಅಣ್ಣ ಹೊಲದಲ್ಲಿ ಹಚ್ಚಿದ್ದ ಕೆಂಪು ಬಾಳೆಯ ಮೊದಲ ಗೊನೆ ಬಂತು. ಗಿಡ ಹಚ್ಚಿದವನು ಬಾಯಿಗಿಡದೆ ಹಣ್ಣು ಹಂಚಬಾರದೆಂಬುದು ನಮ್ಮ ಮನೆಯ ಪದ್ಧತಿ. ನರ್ಸ್ ಸ್ನಾನಕ್ಕೆ ಹೋಗಿದ್ದಳು. ಅಣ್ಣ ಹಣ್ಣನ್ನೇ ನೋಡುತ್ತಿದ್ದ. ಉಗುರಿನಷ್ಟು ಮುರಿದು ಅವನ ನಾಲಿಗೆಯ ಮೇಲಿಟ್ಟೆ, ನಾನೇ ಬರೆದ ಬೋರ್ಡಿನ ಕೆಳಗೆ ನಿಂತು.

ಅಣ್ಣನ ಮುಖ ಕಪ್ಪಿಟ್ಟಿತು. ನಾನು ಅವಳ ಹೆಸರು ಮರೆತು “ಸಿಸ್ಟರ್, ಸಿಸ್ಟರ್” ಎಂದು ಅರಚಿದೆ. ಅವಳು ಒದ್ದೆ ಕೂದಲಲ್ಲೇ ಓಡಿಬಂದು ಗಂಟಲಿಗೆ ನಳಿಕೆ ಇಳಿಸಿ, ಮಷೀನ್ ಹಚ್ಚಿ ಒಳಗೆ ಜಾರಿದ್ದ ಹಣ್ಣನ್ನು ಎಳೆದಳು. ಉಸಿರು ಮರಳಿತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಅವಳು ಬೈಯಲಿಲ್ಲ. “ನೀವು ಬರದ ದಿನ ಇವರು ಛಲೋ ಇರ್ತಾರ್ರಿ” ಎಂದಳು. ಆಮೇಲೆ ತನ್ನ ಷರತ್ತು ಹೇಳಿದಳು. ಬಂದಾಗಿನಿಂದ ಅವಳಿಗೆ ಒಂದು ದಿನವೂ ರಜೆ ಸಿಕ್ಕಿರಲಿಲ್ಲ, ಅವಳ ಮಗಳು ಕಲಬುರಗಿಯಲ್ಲಿ ಅಜ್ಜಿಯ ಬಳಿ ಇದ್ದಳು. ಭಾನುವಾರ ನೋಡಿಕೊಳ್ಳಲು ನಾನು ಕಲಿಯಬೇಕು, ಇಲ್ಲವಾದರೆ ಅವಳು ಕೆಲಸ ಬಿಡುತ್ತಾಳೆ. ನನ್ನ ವ್ಯವಸ್ಥೆಯಲ್ಲಿ ಎಲ್ಲವೂ ಇತ್ತು, ಅವಳ ರಜೆಯೊಂದು ಇರಲಿಲ್ಲ.

ಕಲಿತೆ. ಕೈ ತೊಳೆಯುವುದನ್ನೇ ನಾಲ್ಕು ದಿನ ಕಲಿತೆ. ನಳಿಕೆ ಎಷ್ಟು ಇಳಿಸಬೇಕು, ಯಾವಾಗ ನಿಲ್ಲಿಸಬೇಕು, ಎಲ್ಲವನ್ನೂ ಅವಳ ಎದುರೇ ಮಾಡಿ ತೋರಿಸಿದೆ. ಕೊನೆಗೆ ಅವಳು ಸೈ ಎಂದಳು, ಆದರೆ ಒಪ್ಪಿಗೆ ಕೇಳಿದ್ದು ಅಣ್ಣನನ್ನು.

“ಇವತ್ತು ನಿಮ್ಮ ತಮ್ಮನ ಕೈಯಾಗ ಬಿಟ್ಟು ಹೋಗಲೇನ್ರಿ?”

ಅಣ್ಣ ನನ್ನನ್ನು ದಿಟ್ಟಿಸಿ ನೋಡಿ ಎರಡು ಸಲ ಕಣ್ಣು ಮುಚ್ಚಿದ. ಮುಂದಿನ ಭಾನುವಾರವೂ ಎರಡು ಸಲ. ಅವಳು ಚೀಲವನ್ನು ಮತ್ತೆ ಗೂಟಕ್ಕೆ ಹಾಕಿದಳು.

ಮೂರನೆಯ ಭಾನುವಾರ ಅವನು ಒಂದೇ ಸಲ ಮುಚ್ಚಿದ. ಇನ್ನೊಂದು ಸಲ ಮುಚ್ಚುತ್ತಾನೇನೋ ಎಂದು ನಾವಿಬ್ಬರೂ ಕಾದೆವು. ಮುಚ್ಚಲಿಲ್ಲ. ಅವಳು ಚೀಲ ತೆಗೆದುಕೊಂಡು ಬಸ್ಸಿಗೆ ಹೊರಟಳು, ನಾನು ಕೈ ತೊಳೆಯಲು ಹೋದೆ.