ಅತ್ತೆಯ ಹಲ್ಲಿಗೆ ಒಳ್ಳೆಯ ದಿನ

ನಿವೃತ್ತಿಗೆ ಇನ್ನೊಂದು ವರ್ಷವಿರುವಾಗ ನಾನು ಚಾಮರಾಜಪೇಟೆಯ ಡೆಂಟಲ್ ಕಾಲೇಜೊಂದರಲ್ಲಿ ಪ್ರೊಫೆಸರಾಗಿದ್ದೆ. ಹುಡುಗರು ಪಾಠ ಕೇಳುತ್ತಾ ತೂಕಡಿಸುವ ಬದಲು ತಾವೇ ಮಾಡಿ ಕಲಿಯಲಿ ಎಂದು ‘ರೋಲ್ ಪ್ಲೇ’ ಪರೀಕ್ಷೆ ಶುರುಮಾಡಿದ್ದೆವು. ಯಾರಾದರೊಬ್ಬರು ರೋಗಿಯಂತೆ ನಟಿಸುವುದು, ವಿದ್ಯಾರ್ಥಿ ಅವರನ್ನು ಮಾತನಾಡಿಸಿ ಚಿಕಿತ್ಸೆಗೆ ಒಪ್ಪಿಸುವುದು. ಇದರಲ್ಲಿ ಪಾಸಾದವರಿಗೆ ಮಾತ್ರ ನಿಜವಾದ ರೋಗಿಗಳು.

ಚಂದನ್ ಎಂಬ ವಿದ್ಯಾರ್ಥಿ ಇದರಲ್ಲಿ ಎರಡು ಸಲ ಫೇಲಾಗಿದ್ದ. ‘ಫ್ಯಾಂಟಮ್ ಹೆಡ್’ ಎಂಬ ರಬ್ಬರ್ ಕೆನ್ನೆಯ ಬೊಂಬೆತಲೆಯ ಮೇಲೆ ಅವನಷ್ಟು ಚೆನ್ನಾಗಿ ಕೆಲಸ ಮಾಡುವವರು ಬ್ಯಾಚಿನಲ್ಲೇ ಇರಲಿಲ್ಲ. ಆದರೆ ಬೊಂಬೆ ಮಾತಾಡುವುದಿಲ್ಲವಲ್ಲ! ಜೀವಂತ ಮನುಷ್ಯರು ಎದುರು ಕೂತರೆ ಹುಡುಗನ ನಾಲಿಗೆ ಒಣಗುತ್ತಿತ್ತು. ಈ ಸಲವೂ ಹೋದರೆ ಜೂನಿಯರ್‌ಗಳ ಜೊತೆ ಮತ್ತೆ ಬೊಂಬೆಯ ಸಹವಾಸವೇ ಗತಿ. “ಮೇಡಂ, ಅಪ್ಪಂಗೆ ಏನಂತ ಹೇಳ್ಲಿ?” ಎಂದು ಕಣ್ಣು ತುಂಬಿಕೊಂಡಿದ್ದ. ನನಗೂ ಅಯ್ಯೋ ಪಾಪ ಅನಿಸಿತ್ತು.

ಪರೀಕ್ಷೆಯ ದಿನ ರೋಗಿಯ ಪಾತ್ರದವರು ಕೈಕೊಟ್ಟರು. ಎನ್.ಆರ್. ಕಾಲೋನಿಯಿಂದ ನನ್ನ ಸೋದರತ್ತೆ ರುಕ್ಮಿಣಿಯವರನ್ನು ಕರೆಸಿದೆ. ನಿವೃತ್ತ ಶಾಲಾ ಶಿಕ್ಷಕಿ, ಬಡಾವಣೆಯ ಮಹಿಳಾ ಸಮಾಜದ ನಾಟಕಗಳಿಗೆ ಖಾಯಂ ನಾಯಕಿ.

“ಮೇಲ್ಗಡೆ, ಎಡಗಡೆ ಹಲ್ಲು ನೋವು, ಕೀಳಿಸ್ಕೊಳ್ಳೋಕೆ ಭಯ. ಅಷ್ಟೇ ಪಾರ್ಟು ಅತ್ತೆ. ಜಾಸ್ತಿ ಸೇರಿಸ್ಬೇಡಿ” ಎಂದು ಗೋಗರೆದೆ.

ರೇಷ್ಮೆ ಸೀರೆಯುಟ್ಟು ಬಂದ ಅತ್ತೆ ಡೆಂಟಲ್ ಚೇರಿನಲ್ಲಿ ಒರಗಿದರು. ಚಂದನ್ ಬಾಯಿಪಾಠ ಒಪ್ಪಿಸಿದ: “ತಮ್ಮ ಆತಂಕ ನನಗೆ ಅರ್ಥವಾಗುತ್ತದೆ.”

“ನಂಗೇ ಅರ್ಥ ಆಗಿಲ್ಲ, ನಿಂಗೆ ಹೇಗಪ್ಪಾ ಆಯ್ತು?”

ಹುಡುಗ ತಡವರಿಸಿದ. “ಹಲ್ಲು... ಇವತ್ತೇ ತೆಗೀಬಹುದು.”

“ಮಂಗಳವಾರ ಆಗ್ಬರಲ್ಲ.”

“ನಾಳೆ?”

“ಸಂಕಷ್ಟಿ. ಉಪವಾಸ.”

“ಗುರುವಾರ?”

“ಮಠದಲ್ಲಿ ಭಜನೆ.”

“ಶುಕ್ರವಾರ?”

“ಶುಕ್ರವಾರ ಮನೇದು ಏನನ್ನೂ ಆಚೆ ಕೊಡಲ್ಲ. ಹಲ್ಲೂ ಮನೇದೇ ಅಲ್ವಾ?”

ಉಳಿದ ಮೂರು ದಿನಗಳಿಗೆ ಶನಿ, ನೆಂಟರು ಮತ್ತು ಶಿವ ಅಡ್ಡಬಂದರು. ಹಿಂದೆ ಕೂತಿದ್ದ ವಿದ್ಯಾರ್ಥಿಗಳು ಬಿದ್ದು ಬಿದ್ದು ನಕ್ಕರು. ನನಗೆ ಅತ್ತೆಯ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಇನ್ನು ಇವನನ್ನು ಫೇಲು ಮಾಡದೆ ವಿಧಿಯಿಲ್ಲ ಎಂದು ಪೆನ್ನು ತೆರೆದೆ.

ಚಂದನ್ ಗ್ಲೌಸ್ ಬಿಚ್ಚಿ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ. “ಅಮ್ಮಾ, ವಾರ ಪೂರ್ತಿ ಮುಗೀತು. ನಂಗಂತೂ ಈ ಪರೀಕ್ಷೆ ಅಂದ್ರೆ ಹೆದ್ರಿಕೆ. ನಿಮ್ಗೆ ಯಾವುದಕ್ಕೆ ಹೆದ್ರಿಕೆ, ಹೇಳಿ” ಎಂದು ಸುಮ್ಮನೆ ಕಾದ.

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ “ಸೂಜಿ ಕಂಡ್ರೆ ಕಣಪ್ಪಾ” ಎಂದು ಮೆಲ್ಲಗೆ ಹೇಳಿ ಬಲಗೆನ್ನೆಯ ಕೆಳಭಾಗ ಮುಟ್ಟಿಕೊಂಡರು. ನಾನು ಹೇಳಿಕೊಟ್ಟಿದ್ದು ಎಡಗಡೆ. ಚಂದನ್ ಹೊಸ ಗ್ಲೌಸ್ ಹಾಕಿಕೊಂಡು ಬಾಯೊಳಗೆ ನೋಡಿ ನನ್ನತ್ತ ತಿರುಗಿದ.

“ಮೇಡಂ, ಇದು ಆಕ್ಟಿಂಗ್ ಅಲ್ಲ. ಹಲ್ಲು ನಿಜವಾಗ್ಲೂ ಪೂರ್ತಿ ಹುಳುಕಾಗಿದೆ.”

“ಅತ್ತೆ! ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಮಾತು ಮುಗಿಯೋಷ್ಟ್ರಲ್ಲಿ ಕಿತ್ತೇ ಬಿಡ್ತಿದ್ದೆ ನೀನು!”

ಚಂದನ್ ಪಾಸಾದ. ಅವನ ಮೊದಲ ರೋಗಿ ಅತ್ತೆಯೇ, ಅದೂ ಆ ಮಂಗಳವಾರವೇ. ಇಂಜೆಕ್ಷನ್ ನಾನೇ ಕೊಡುತ್ತೇನೆಂದು ಮುಂದೆ ಬಂದರೆ, “ನೀನು ಆ ಕಡೆ ನಿಂತ್ಕೋ ಕಣೇ. ನನ್ನ ಡಾಕ್ಟ್ರು ಅವ್ನು” ಎಂದು ತಡೆದರು. ನಾನು ಅವರ ಕಾಲ ಬಳಿ ನಿಂತೆ. ಹೆದರಿದವರಿಗೆ ಬುದ್ಧಿ ಹೇಳುವ ಮೊದಲು ಏನು ಹೆದರಿಕೆ ಎಂದು ಕೇಳಬೇಕು, ಉತ್ತರ ಬರುವವರೆಗೆ ವೈದ್ಯರು ಬಾಯಿ ಮುಚ್ಚಿಕೊಂಡಿರಬೇಕು. ಇಷ್ಟು ವರ್ಷ ಪಾಠ ಹೇಳಿದ ನಾನು ಅದನ್ನು ಕಲಿತದ್ದು ಅಲ್ಲಿ ನಿಂತಾಗ. ಅತ್ತೆ ಕಣ್ಣು ಮುಚ್ಚಿ, ಅವನ ಕಡೆಗೆ ತಿರುಗಿ ಬಾಯಿ ತೆರೆದರು.